ಪೀಕಿಂಗಿನಿಂದ ಪ್ಯಾರಿಸ್ಸಿಗೆ: ರಸ್ತೆಯಿಲ್ಲದ ನೆಲದ ಮೇಲೆ ಮೋಟಾರು ಗಾಡಿ

ಮೋಟಾರು ವಾಹನದ ಚರಿತ್ರೆಯನ್ನು ವೇಗದ ದಾಖಲೆಗಳ ಮೂಲಕ ಹೇಳುವುದು ರೂಢಿಯಾಗಿದ್ದರೂ, ಈ ಯಂತ್ರವನ್ನು ಅದರ ಮೊದಲ ಕಾಲು ಶತಮಾನದಲ್ಲಿ ಹೆಚ್ಚು ಕಾಡಿದ್ದು ದೂರದ ಪ್ರಶ್ನೆ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ರಸ್ತೆ ವಾಹನವೊಂದು 1899ರಲ್ಲಿಯೇ ಮೀರಿತ್ತು. ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಪ್ಯಾರಿಸ್ಸಿನ ಹೊರವಲಯದಲ್ಲಿ ಓಡಿಸಿದ ಆ ಗಾಡಿ ಬ್ಯಾಟರಿಯ ಬಲದಿಂದ ಓಡುವ ವಿದ್ಯುತ್ ವಾಹನವಾಗಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 1895ರಲ್ಲಿ, ಎಮಿಲ್ ಲೆವಾಸೋರ್ ಎಂಬ ಫ್ರೆಂಚ್ ಎಂಜಿನಿಯರು ಪ್ಯಾರಿಸ್ಸಿನಿಂದ ಬೋರ್ಡೋ ಪಟ್ಟಣಕ್ಕೆ ಹೋಗಿ ಮರಳುವ ಸುಮಾರು 1,180 ಕಿಲೋಮೀಟರುಗಳ ಪಂದ್ಯವನ್ನು 48 ಗಂಟೆ 48 ನಿಮಿಷಗಳಲ್ಲಿ ಮುಗಿಸಿದ್ದನು. ಇವೆರಡೂ ನಡೆದದ್ದು ಶತಮಾನಗಳಿಂದ ಕಲ್ಲು ಹಾಸಿ, ದಮ್ಮಸು ಮಾಡಿ, ಇಕ್ಕೆಲದಲ್ಲಿ ಮರ ನೆಟ್ಟು ಕಾಪಾಡಿಕೊಂಡು ಬಂದ ಫ್ರಾನ್ಸಿನ ರಸ್ತೆಗಳ ಮೇಲೆ. ಅಂಥ ರಸ್ತೆಯಿಲ್ಲದ ಕಡೆ, ಇಂಧನ ಮಾರುವ ಅಂಗಡಿಯಿಲ್ಲದ ಕಡೆ, ಕೆಟ್ಟರೆ ದುರಸ್ತಿ ಮಾಡುವವರಿಲ್ಲದ ಕಡೆ ಈ ಯಂತ್ರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಯಾವ ಪಂದ್ಯವೂ ಹೇಳಿರಲಿಲ್ಲ.

ಈ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರಗಳಲ್ಲಿ ಒಂದು 1888ರ ಆಗಸ್ಟ್ ತಿಂಗಳಿನದು. ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ದೂರವನ್ನು ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ರೂಪಿಸಿದ್ದ ಮೂರು ಗಾಲಿಯ ಗಾಡಿಯಲ್ಲಿ ಕ್ರಮಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಜನ ಕೊಳ್ಳುತ್ತಿದ್ದ ಲಿಗ್ರೋಯಿನ್ ಎಂಬ ಹಗುರ ಪೆಟ್ರೋಲಿಯಂ ದ್ರವವನ್ನು ಕೊಂಡದ್ದು, ಮರದ ಬ್ರೇಕು ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದ್ದು ಬಹಳ ಸಲ ಹೇಳಲ್ಪಟ್ಟ ಸಂಗತಿಗಳು. ವಿಜ್ಞಾನದ ದೃಷ್ಟಿಯಿಂದ ಅವುಗಳಿಗಿಂತ ಮುಖ್ಯವಾದದ್ದು, ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ಅವರು ನೀರು ತುಂಬಿಸಿಕೊಳ್ಳಬೇಕಾಗಿ ಬಂದದ್ದು.

ನೀರಿನ ಈ ದಾಹಕ್ಕೆ ಕಾರಣ ಸರಳ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಐದನೇ ಒಂದು ಪಾಲೂ ಆ ಕಾಲದ ಎಂಜಿನ್ನುಗಳಲ್ಲಿ ಗಾಲಿ ತಿರುಗಿಸುವ ಕೆಲಸಕ್ಕೆ ಒದಗುತ್ತಿರಲಿಲ್ಲ. ಉಳಿದದ್ದು ಹೊಗೆಯೊಡನೆ ಹೊರಬೀಳುತ್ತಿತ್ತು ಇಲ್ಲವೇ ಸಿಲಿಂಡರಿನ ಗೋಡೆಗಳಿಗೆ ಇಳಿಯುತ್ತಿತ್ತು. ಗೋಡೆಗಿಳಿದ ಶಾಖವನ್ನು ತೆಗೆಯದಿದ್ದರೆ ಕೀಲೆಣ್ಣೆ ಸುಟ್ಟು ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಬೆಂಜ್ ಗಾಡಿಯಲ್ಲಿ ಸಿಲಿಂಡರನ್ನು ಸುತ್ತುವರಿದ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಂಪಾಗುತ್ತಿತ್ತು. ಕುದಿಯುವ ನೀರು ಆವಿಯಾಗಲು ಹೀರಿಕೊಳ್ಳುವ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಒಂದು ಲೀಟರ್ ನೀರಿಗೆ ಅದು ಸುಮಾರು 2.25 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 32 ಮೆಗಾಜೂಲ್ ಶಾಖ ಹುಟ್ಟುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಇಳಿಯುತ್ತದೆಂದು ಎಣಿಸಿದರೂ, ಒಂದು ಲೀಟರ್ ಪೆಟ್ರೋಲಿನ ಹಿಂದೆ ನಾಲ್ಕೈದು ಲೀಟರ್ ನೀರು ಆವಿಯಾಗಿ ಹೋಗಬೇಕು. ಜರ್ಮನಿಯ ಹಳ್ಳಿಗಾಡಿನಲ್ಲಿ ಈ ಲೆಕ್ಕ ಕೇವಲ ತೊಡಕು. ಮರುಭೂಮಿಯಲ್ಲಿ ಅದು ಪಯಣವನ್ನೇ ಅಸಾಧ್ಯಗೊಳಿಸುತ್ತದೆ.

ನೀರಿನ ಈ ತೊಡಕನ್ನು ಬಿಡಿಸಿದ್ದು ರೇಡಿಯೇಟರು. ಅದೇ ನೀರನ್ನು ತೆಳು ಕೊಳವೆಗಳಲ್ಲಿ ಹರಿಸಿ, ಗಾಳಿಗೆ ಶಾಖ ಕೊಟ್ಟು ತಣಿಸಿ, ಮತ್ತೆ ಎಂಜಿನ್ನಿಗೆ ಕಳಿಸುವ ಈ ಸಾಧನದಲ್ಲಿ ಗೆಲ್ಲುವುದು ಗಾಳಿಗೆ ತಗಲುವ ಮೇಲ್ಮೈಯ ವಿಸ್ತೀರ್ಣ. 1901ರ ಮರ್ಸಿಡಿಸ್ ಗಾಡಿಗಾಗಿ ವಿಲ್ಹೆಲ್ಮ್ ಮೈಬಾಖ್ ರೂಪಿಸಿದ ಜೇನುಗೂಡಿನ ಮಾದರಿಯ ರೇಡಿಯೇಟರಿನಲ್ಲಿ ಒಳಗಿನ ಅಗಲ 6 ಮಿಲಿಮೀಟರ್ ಇದ್ದ 8,070 ಚೌಕ ಕೊಳವೆಗಳಿದ್ದವು. ಇದಾದ ಮೇಲೆ ನೀರು ಸುರಿದು ಹೋಗುವ ಸರಕಾಗಿ ಉಳಿಯದೆ ಗಾಡಿಯಲ್ಲಿಯೇ ಸುತ್ತುವ ಬಂಡವಾಳವಾಯಿತು. ಖಂಡಗಳನ್ನು ದಾಟುವ ಮಾತು ಇಪ್ಪತ್ತನೇ ಶತಮಾನದ ಆರಂಭಕ್ಕೆ ಮುಂಚೆ ಯಾರ ಬಾಯಲ್ಲೂ ಗಂಭೀರವಾಗಿ ಬಾರದಿದ್ದುದಕ್ಕೆ ಇದೊಂದು ಕಾರಣವೆನ್ನಬಹುದು.

1907ರ ಜನವರಿ 31ರಂದು ಪ್ಯಾರಿಸ್ಸಿನ ‘ಲ ಮಾತಾಂ’ ಪತ್ರಿಕೆ ತನ್ನ ಪುಟದಲ್ಲಿ ಒಂದು ಸವಾಲನ್ನು ಪ್ರಕಟಿಸಿತು. ಚೀನಾದ ಪೀಕಿಂಗಿನಿಂದ, ಅಂದರೆ ಇಂದಿನ ಬೀಜಿಂಗಿನಿಂದ, ಮೋಟಾರು ಗಾಡಿಯಲ್ಲಿ ಪ್ಯಾರಿಸ್ಸಿಗೆ ಬರಬಲ್ಲವರಿದ್ದಾರೆಯೇ ಎಂಬುದೇ ಆ ಸವಾಲು. ಸುಮಾರು 40 ಮಂದಿ ಹೆಸರು ಕೊಟ್ಟರೂ ಹಡಗಿನಲ್ಲಿ ಚೀನಾಕ್ಕೆ ಬಂದಿಳಿದ ಗಾಡಿಗಳು ಐದೇ. ಹೊರಡುವ ಹೊತ್ತಿಗೆ ಸಂಘಟಕರೇ ಪಂದ್ಯವನ್ನು ಕೈಬಿಟ್ಟಿದ್ದರೂ, ಬಂದವರು ಬಂದಾಗಿದೆ ಎಂದು ಜೂನ್ 10ರಂದು ಪೀಕಿಂಗಿನ ಫ್ರೆಂಚ್ ರಾಯಭಾರ ಕಚೇರಿಯ ಅಂಗಳದಿಂದ ಹೊರಟೇಬಿಟ್ಟರು. ನಿಯಮಗಳೆಂಬುವು ಇರಲಿಲ್ಲ, ಬಹುಮಾನ ಒಂದು ದೊಡ್ಡ ಬಾಟಲಿ ಷಾಂಪೇನ್ ಮದ್ಯ.

ಆ ಐದು ಗಾಡಿಗಳಲ್ಲಿ ಎರಡು ವಿರುದ್ಧ ತತ್ತ್ವಗಳು ಎದುರುಬದುರಾಗಿದ್ದವು. ಹಗುರವಾಗಿದ್ದರೆ ಹೂಳುವುದಿಲ್ಲ, ಸಿಕ್ಕಿಕೊಂಡರೆ ಎತ್ತಬಹುದು, ಇಂಧನವೂ ಕಡಿಮೆ ಸಾಕು ಎಂದು ನಂಬಿದವರು ಒಂದು ಪಂಗಡ. ಜಾರ್ಜ್ ಕಾರ್ಮಿಯೆ ಮತ್ತು ವಿಕ್ಟರ್ ಕಾಲಿನ್ಯೋ ನಡೆಸಿದ 10 ಅಶ್ವಶಕ್ತಿಯ ಎರಡು ಡಿ ಡಿಯಾನ್-ಬೂತಾನ್ ಗಾಡಿಗಳು ಮತ್ತು ಓಗ್ಯೂಸ್ತ್ ಪಾನ್ಸ್ ತಂದ 6 ಅಶ್ವಶಕ್ತಿಯ ಕಾಂತಾಲ್ ತ್ರಿಚಕ್ರಿ ಈ ಪಂಗಡಕ್ಕೆ ಸೇರಿದವು. ಇನ್ನೊಂದು ತುದಿಯಲ್ಲಿ ಇಟಲಿಯ ರಾಜಕುಮಾರ ಶಿಪಿಯೋನೆ ಬೊರ್ಗೇಸೆಯ ಇಟಾಲಾ ಗಾಡಿಯಿತ್ತು. ಕಂಪನಿಯು 35/45 ಅಶ್ವಶಕ್ತಿಯದೆಂದು ಹೆಸರಿಸಿದ್ದ ಅದರ ನಾಲ್ಕು ಸಿಲಿಂಡರಿನ ಎಂಜಿನ್ನಿನ ಗಾತ್ರ 7.4 ಲೀಟರ್; ಇಂದು ನಮ್ಮ ಊರುಗಳಲ್ಲಿ ಓಡುವ ಸಣ್ಣ ಕಾರುಗಳ ಎಂಜಿನ್ನುಗಳು ಆರು ಸೇರಿದರೆ ಅಷ್ಟಾಗುತ್ತದೆ. ನೆದರ್ಲೆಂಡ್ಸ್‌ನ 15 ಅಶ್ವಶಕ್ತಿಯ ಸ್ಪೈಕರ್ ಗಾಡಿಯನ್ನು ತಂದ ಶಾರ್ಲ್ ಗೊದಾರ್ ಇವೆರಡರ ನಡುವಿನವನು. ಅವನ ಕೈಯಲ್ಲಿ ಹಣವಿರಲಿಲ್ಲ, ಧೈರ್ಯ ಮಾತ್ರ ಬೇಕಾದಷ್ಟಿತ್ತು.

ದೊಡ್ಡ ಎಂಜಿನ್ನಿನ ಪರವಾದ ವಾದವನ್ನು ಅರ್ಥ ಮಾಡಿಕೊಳ್ಳಲು ಸಂಪೀಡನ ಅನುಪಾತವೆಂಬ ಪರಿಕಲ್ಪನೆ ಬೇಕಾಗುತ್ತದೆ. ಸಿಲಿಂಡರಿಗೆ ಎಳೆದುಕೊಂಡ ಗಾಳಿ ಮತ್ತು ಪೆಟ್ರೋಲು ಆವಿಯ ಮಿಶ್ರಣವನ್ನು ಕಿಡಿ ಹಚ್ಚುವ ಮುನ್ನ ಪಿಸ್ಟನ್ನು ಎಷ್ಟು ಪಟ್ಟು ಒತ್ತುತ್ತದೆಂಬುದೇ ಈ ಅನುಪಾತ. ಅದು ಹೆಚ್ಚಿದಷ್ಟೂ ಶಾಖದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಇಂದಿನ ಎಂಜಿನ್ನುಗಳಲ್ಲಿ ಅದು 10ರ ಆಸುಪಾಸಿನಲ್ಲಿದ್ದರೆ ಆಗ 4ರ ಆಸುಪಾಸಿನಲ್ಲಿತ್ತು, ಏಕೆಂದರೆ ಅಂದಿನ ಪೆಟ್ರೋಲನ್ನು ಅದಕ್ಕಿಂತ ಹೆಚ್ಚು ಒತ್ತಿದರೆ ಅದು ಕಾಲಕ್ಕೆ ಮುಂಚೆಯೇ ಸಿಡಿದು ಎಂಜಿನ್ನನ್ನು ಹಾಳುಮಾಡುತ್ತಿತ್ತು. ಒತ್ತಡದಿಂದ ಪಡೆಯಲಾಗದ ಶಕ್ತಿಯನ್ನು ಗಾತ್ರದಿಂದ ಪಡೆಯುವುದೊಂದೇ ಉಳಿದ ದಾರಿ. ಹೀಗೆ ಹುಟ್ಟಿದ ದೈತ್ಯ ಎಂಜಿನ್ನು ನಿಮಿಷಕ್ಕೆ ಸಾವಿರದ ಆಸುಪಾಸು ಸುತ್ತುಗಳಷ್ಟು ನಿಧಾನವಾಗಿ ತಿರುಗುತ್ತಿದ್ದರೂ ಅದರ ತಿರುಚುಬಲ, ಅಂದರೆ ದಂಡವನ್ನು ತಿರುಗಿಸುವ ಸಾಮರ್ಥ್ಯ, ಬಹಳ ಹೆಚ್ಚಾಗಿತ್ತು. ಕೆಸರಿನಿಂದ ಗಾಡಿಯನ್ನು ಮೇಲೆಳೆಯುವಾಗ ಬೇಕಾದದ್ದು ಅದೇ.

ಇಂಧನದ ಲೆಕ್ಕದಲ್ಲಿ ಬೊರ್ಗೇಸೆಯ ಜಾಣ್ಮೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಇಟಾಲಾದ ಎರಡೂ ಪಕ್ಕಗಳಲ್ಲಿ ದೊಡ್ಡ ಟ್ಯಾಂಕುಗಳನ್ನು ಕೂರಿಸಿ, ಒಟ್ಟು ಸುಮಾರು 300 ಲೀಟರ್ ಪೆಟ್ರೋಲು ಹೊರುವಂತೆ ಮಾಡಲಾಗಿತ್ತು. ಅದರ ತೂಕ 200 ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು. ಅದರಿಂದ ಒಳ್ಳೆಯ ನೆಲದಲ್ಲಿ ಸುಮಾರು 1,000 ಕಿಲೋಮೀಟರ್ ಸಾಗಬಹುದಿತ್ತು. ಜೆನಾಟ್ಸಿಯ ವಿದ್ಯುತ್ ಗಾಡಿ ಈ ಹಾದಿಗೆ ಏಕೆ ಬರಲಾರದೆಂಬುದೂ ಇಲ್ಲಿಯೇ ತಿಳಿಯುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಕಿಲೋಗ್ರಾಂ ಸೀಸದ ಬ್ಯಾಟರಿ ಹಿಡಿದಿಡುವುದು ಹೆಚ್ಚೆಂದರೆ ಮೆಗಾಜೂಲಿನ ಹತ್ತನೇ ಒಂದು ಭಾಗದ ಆಸುಪಾಸು. ವಿದ್ಯುತ್ ಮೋಟಾರು ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಕೆಲಸಕ್ಕೆ ತಿರುಗಿಸುತ್ತದೆ, ಪೆಟ್ರೋಲು ಎಂಜಿನ್ನು ಬಹುಪಾಲನ್ನು ಪೋಲು ಮಾಡುತ್ತದೆ ಎಂಬ ರಿಯಾಯಿತಿ ಕೊಟ್ಟ ಮೇಲೂ, ತೂಕಕ್ಕೆ ತೂಕ ಹೋಲಿಸಿದರೆ ಪೆಟ್ರೋಲು ಹತ್ತಾರು ಪಟ್ಟು ಮುಂದಿತ್ತು. ಉಗಿಯ ಗಾಡಿಗಾದರೋ ಇಂಧನದ ಜೊತೆ ನೀರೂ ಬೇಕಿತ್ತು.

ಇಷ್ಟಾಗಿಯೂ 300 ಲೀಟರ್ ಎಂಬುದು 15,000 ಕಿಲೋಮೀಟರುಗಳ ಪಯಣದಲ್ಲಿ ಒಂದು ಸಣ್ಣ ತುಣುಕಿಗೆ ಸಾಕಾಗುವಷ್ಟೇ. ಉಳಿದ ಇಂಧನ ಮುಂಚಿತವಾಗಿಯೇ ಹಾದಿಯಲ್ಲಿ ಕಾದಿರಬೇಕಿತ್ತು. ಮಂಗೋಲಿಯದ ಹಾದಿಯ ನಿಲ್ದಾಣಗಳಿಗೆ ಪೆಟ್ರೋಲನ್ನೂ ಎಣ್ಣೆಯನ್ನೂ ಹೊತ್ತೊಯ್ದವು ಒಂಟೆಗಳು. ಭವಿಷ್ಯದ ವಾಹನವು ಗೋಬಿಯನ್ನು ದಾಟುವುದಕ್ಕೆ ವಾರಗಟ್ಟಲೆ ಮೊದಲೇ ಅದರ ಆಹಾರವನ್ನು ಬೆನ್ನ ಮೇಲೆ ಹೊತ್ತ ಪ್ರಾಚೀನ ವಾಹನವು ಆ ಮರುಭೂಮಿಯನ್ನು ದಾಟಿತ್ತು ಎಂಬ ಸಂಗತಿಯನ್ನು ಅಂದಿನ ಜಾಹೀರಾತುಗಳು ಎತ್ತಿ ಹೇಳಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪೀಕಿಂಗಿನ ಉತ್ತರಕ್ಕೆ ಮಂಗೋಲಿಯದ ಪ್ರಸ್ಥಭೂಮಿಗೆ ಏರುವ ಬೆಟ್ಟಗಳ ನಡುವಿನ ಕಣಿವೆದಾರಿ ಹೇಸರಗತ್ತೆಗಳಿಗೂ ಕಾಲಾಳುಗಳಿಗೂ ಮೀಸಲಾದದ್ದು. ಹೊರಡುವ ಮುನ್ನವೇ ಬೊರ್ಗೇಸೆ ಕುದುರೆಯೇರಿ ಆ ಹಾದಿಯನ್ನು ನೋಡಿಬಂದಿದ್ದನು. ಗಾಡಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರಿನ ಗಳುವೊಂದನ್ನು ಜೊತೆಯಲ್ಲಿ ಒಯ್ದು, ಇಕ್ಕಟ್ಟಾದ ಕಡೆಗಳಲ್ಲೆಲ್ಲ ಬಂಡೆಗಳ ನಡುವೆ ಅದನ್ನು ಅಡ್ಡ ಹಿಡಿದು ಅಳೆದಿದ್ದನು. ಗಳು ತೂರಿದರೆ ಗಾಡಿಯೂ ತೂರುತ್ತದೆ ಎಂಬ ಈ ಅಳತೆ, ಇಡೀ ಪಂದ್ಯದಲ್ಲಿ ಬಳಕೆಯಾದ ಅತ್ಯುತ್ತಮ ವೈಜ್ಞಾನಿಕ ಉಪಕರಣವೆಂದರೆ ಅತಿಶಯವಾಗಲಾರದು. ಆದರೆ ತೂರಿಸಿದ್ದು ಎಂಜಿನ್ನಲ್ಲ. ಮೇಲ್ಭಾಗದ ಕಟ್ಟನ್ನೂ ಸಾಮಾನನ್ನೂ ಕಳಚಿ, ಹಗ್ಗ ಕಟ್ಟಿ, ಚೀನೀ ಕೂಲಿಯಾಳುಗಳೂ ಹೇಸರಗತ್ತೆಗಳೂ ಗಾಡಿಗಳನ್ನು ಬಂಡೆಯಿಂದ ಬಂಡೆಗೆ ಎಳೆದೊಯ್ದರು. 40 ಕುದುರೆಗಳ ಶಕ್ತಿಯಿದ್ದೂ ಹೀಗಾದುದಕ್ಕೆ ಕಾರಣವನ್ನು ಗಾಲಿಯ ಅಂಚಿನಲ್ಲಿ ಹುಡುಕಬೇಕು. ಗಾಲಿಗೆ ಎಷ್ಟೇ ಬಲ ಕೊಟ್ಟರೂ, ಅದು ನೆಲಕ್ಕೆ ಒತ್ತುವ ಭಾರ ಮತ್ತು ನೆಲದ ಹಿಡಿತ ಇವೆರಡರ ಗುಣಲಬ್ಧಕ್ಕಿಂತ ಹೆಚ್ಚಿನ ಎಳೆತ ದೊರೆಯದು. ಅಲ್ಲದೆ ತನ್ನ ತ್ರಿಜ್ಯಕ್ಕೆ ಸಮನಾದ ಎತ್ತರದ ಮೆಟ್ಟಿಲನ್ನು ಗಾಲಿ ಏರಲಾರದು. ಪ್ರಾಣಿಯ ಕಾಲಾದರೋ ಹೆಜ್ಜೆಯಿಡುವ ಜಾಗವನ್ನು ಆರಿಸಿಕೊಳ್ಳುತ್ತದೆ.

ಹಿಡಿತದ ಇದೇ ನಿಯಮ ಪಾನ್ಸ್‌ನ ತ್ರಿಚಕ್ರಿಯನ್ನು ಸೋಲಿಸಿತು. ಮುಂದೆ ಎರಡು, ಹಿಂದೆ ಒಂದು ಗಾಲಿಯಿದ್ದ ಆ ಗಾಡಿಯಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಒಂಟಿ ಗಾಲಿಗೆ; ಜೊತೆಗಾರ ಕೂರುತ್ತಿದ್ದದ್ದು ಮುಂದೆ. ಭಾರ ಮುಂದೆ, ಬಲ ಹಿಂದೆ. ಮರಳಿನಲ್ಲಿ ಹಿಂದಿನ ಗಾಲಿ ನಿಂತಲ್ಲೇ ಗಿರಗಿರನೆ ಸುತ್ತಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಗೋಬಿಯಲ್ಲಿ ಇಂಧನ ಮುಗಿದು ನಿಂತ ಪಾನ್ಸ್ ಮತ್ತು ಅವನ ಜೊತೆಗಾರನನ್ನು ಅಲೆಮಾರಿ ಮಂಗೋಲರು ಕಂಡು ಬದುಕಿಸಿದರು. ತ್ರಿಚಕ್ರಿ ಮರುಭೂಮಿಯಲ್ಲಿಯೇ ಉಳಿಯಿತು.

ಗೋಬಿಯ ಬಗ್ಗೆ ಓದುಗರ ಮನಸ್ಸಿನಲ್ಲಿರುವ ಮರಳುದಿಬ್ಬಗಳ ಚಿತ್ರ ಈ ಹಾದಿಗೆ ಅಷ್ಟಾಗಿ ಹೊಂದುವುದಿಲ್ಲ. ಅದರ ಬಹುಭಾಗ ಗಟ್ಟಿ ನೆಲ, ಹರಳುಕಲ್ಲು, ಒಣ ಹುಲ್ಲುಗಾವಲು. ಸಮುದ್ರಮಟ್ಟದಿಂದ 1,000 ಮೀಟರಿಗೂ ಹೆಚ್ಚು ಎತ್ತರದ ಆ ಬಯಲಿನಲ್ಲಿ ಇಟಾಲಾ ತನ್ನ ನಿಜವಾದ ವೇಗವನ್ನು ತೋರಿಸಿ, ಒಂಟೆಯ ಸಾಲುಗಳು ವಾರಗಟ್ಟಲೆ ನಡೆಯುತ್ತಿದ್ದ ದೂರವನ್ನು ಕೆಲವೇ ದಿನಗಳಲ್ಲಿ ದಾಟಿ ಉರ್ಗಾ ನಗರವನ್ನು, ಎಂದರೆ ಇಂದಿನ ಉಲಾನ್‌ಬಾತರನ್ನು ಸೇರಿತು. ಎತ್ತರ ಮಾತ್ರ ತನ್ನ ಸುಂಕವನ್ನು ವಸೂಲು ಮಾಡಿತು. 1,300 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿಯುವುದರಿಂದ ಪ್ರತಿ ಸಲ ಸಿಲಿಂಡರು ಎಳೆದುಕೊಳ್ಳುವ ಆಮ್ಲಜನಕವೂ ಅಷ್ಟು ಕಡಿಮೆಯಾಗಿ ಎಂಜಿನ್ನಿನ ಶಕ್ತಿ ತಗ್ಗುತ್ತದೆ; ನೀರಿನ ಕುದಿಬಿಂದು 100 ಡಿಗ್ರಿಯಿಂದ 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಜೂನ್ ತಿಂಗಳ ಬಿಸಿಲು, ತೆಳು ಗಾಳಿ, ಬೇಗ ಕುದಿಯುವ ನೀರು ಇವು ಮೂರೂ ಒಟ್ಟಾದಾಗ ರೇಡಿಯೇಟರ್ ಇದ್ದರೂ ನೀರು ಖರ್ಚಾಗುತ್ತಿತ್ತು. ಬಾವಿಗಳು ದೂರದೂರ.

ಆ ಬಯಲಿನಲ್ಲಿ ದಾರಿ ತೋರಿಸಿದ್ದು ತಂತಿಕಂಬಗಳ ಸಾಲು. ಪಂದ್ಯದ ಹಾದಿಯನ್ನು ತಂತಿಯ ಮಾರ್ಗಕ್ಕೆ ಹೊಂದಿಸಿಯೇ ಗೊತ್ತುಮಾಡಲಾಗಿತ್ತು, ಏಕೆಂದರೆ ಪತ್ರಿಕೆಗಳಿಗೆ ಬೇಕಾದದ್ದು ಪ್ರತಿದಿನದ ಸುದ್ದಿ. ಇಟಾಲಾದಲ್ಲಿ ಬೊರ್ಗೇಸೆ ಮತ್ತು ಅವನ ಯಂತ್ರಕುಶಲಿ ಎತ್ತೋರೆ ಗ್ವಿತ್ಸಾರ್ದಿಯರ ಜೊತೆ ಇದ್ದ ಮೂರನೆಯವನು ‘ಕೊರ್ರಿಯೇರೆ ದೆಲ್ಲ ಸೇರಾ’ ಪತ್ರಿಕೆಯ ಲುಯಿಜಿ ಬಾರ್ಜಿನಿ. ಗೋಬಿಯ ನಡುವಿನ ಪೋಂಗ್-ಕಿಯೋಂಗ್ ಎಂಬ ತಂತಿ ನಿಲ್ದಾಣದಲ್ಲಿ ಅವನು ಬರೆದುಕೊಟ್ಟ ಸುದ್ದಿಗೆ ಅಲ್ಲಿನ ನೌಕರ ಹಾಕಿದ ಕ್ರಮಸಂಖ್ಯೆ 1. ಆ ನಿಲ್ದಾಣ ತೆರೆದು ಆರು ವರ್ಷಗಳಾಗಿದ್ದರೂ ಅಲ್ಲಿಂದ ಸಂದೇಶ ಕಳಿಸಲು ಅದುವರೆಗೆ ಒಬ್ಬನೂ ಬಂದಿರಲಿಲ್ಲ.

ಸೈಬೀರಿಯದಲ್ಲಿ ತೊಂದರೆಯ ಸ್ವರೂಪ ಬದಲಾಯಿತು. ಅಲ್ಲಿ ಹಿಂದೆ ಅಂಚೆಗಾಡಿಗಳು ಓಡುತ್ತಿದ್ದ ದೊಡ್ಡ ಹಾದಿಯೊಂದಿತ್ತು. ಆದರೆ ಟ್ರಾನ್ಸ್-ಸೈಬೀರಿಯನ್ ರೈಲು ಬಂದ ಮೇಲೆ ಆ ಹಾದಿಯನ್ನು ಕೇಳುವವರಿಲ್ಲದೆ ಮರದ ಸೇತುವೆಗಳು ಕೊಳೆತು ಹೋಗಿದ್ದವು. ರೈಲು ರಸ್ತೆಯನ್ನು ಕೊಂದ ಈ ಪ್ರದೇಶದಲ್ಲಿ, ಬೈಕಲ್ ಸರೋವರದ ದಕ್ಷಿಣಕ್ಕೆ, ಒಂದು ಸೇತುವೆಯ ಹಲಗೆಗಳು ಮುರಿದು ಇಟಾಲಾ ಹಿಂಭಾಗ ಕೆಳಗಾಗಿ ಬಿದ್ದಿತು. ರೈಲ್ವೆ ಕೆಲಸಗಾರರು ಹಗ್ಗ, ಹಲಗೆಗಳಿಂದ ಅದನ್ನು ಮೇಲೆತ್ತಿದಾಗ ಎಂಜಿನ್ನು ಮತ್ತೆ ಹೊತ್ತಿಕೊಂಡಿತು. ಸೇತುವೆಗಳನ್ನು ನಂಬಲಾಗದ ಕಡೆ ಬೊರ್ಗೇಸೆ ಅಧಿಕಾರಿಗಳ ಅಪ್ಪಣೆ ಪಡೆದು ಗಾಡಿಯನ್ನು ರೈಲು ಹಳಿಯ ಮೇಲೆಯೇ ನಡೆಸಿದನು. ಒಂದು ಬದಿಯ ಗಾಲಿಗಳು ಎರಡು ಹಳಿಗಳ ನಡುವೆ, ಇನ್ನೊಂದು ಬದಿಯವು ಹಳಿಯ ಹೊರಗೆ. ಕೆಳಗೆ ಸಾಲುಸಾಲಾಗಿ ಸ್ಲೀಪರುಗಳು, ಅಂದರೆ ಹಳಿಗಳನ್ನು ಹೊತ್ತ ಅಡ್ಡ ದಿಮ್ಮಿಗಳು.

ಈ ಹಾದಿಯಲ್ಲಿ ಗಾಡಿಗೆ ಆದದ್ದನ್ನು ತಿಳಿಯಲು ಅನುರಣನೆಯ ತತ್ತ್ವ ನೆರವಾಗುತ್ತದೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗುಗಳ ಮೇಲೆ ಕುಳಿತ ಗಾಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಅದು ತನ್ನದೇ ಲಯದಲ್ಲಿ, ಸೆಕೆಂಡಿಗೆ ಎರಡು ಸಲದ ಆಸುಪಾಸು, ಮೇಲೆ ಕೆಳಗೆ ಆಡುತ್ತದೆ. ಇದು ಅದರ ಸಹಜ ಕಂಪನಾಂಕ. ಹೊರಗಿನ ಕುಲುಕಾಟ ಇದೇ ಲಯದಲ್ಲಿ ಬಂದರೆ ಪ್ರತಿ ಕುಲುಕೂ ಹಿಂದಿನದಕ್ಕೆ ಕೂಡಿಕೊಂಡು ಆಟ ಬೆಳೆಯುತ್ತ ಹೋಗುವುದೇ ಅನುರಣನೆ. ದಿಮ್ಮಿಗಳ ನಡುವಿನ ಅಂತರ ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಗಾಲಿಗೆ ಸೆಕೆಂಡಿಗೆ ಸುಮಾರು ಎರಡು ಹೊಡೆತಗಳು ಬೀಳುತ್ತವೆ. ಎಚ್ಚರಿಕೆಯಿಂದ ನಡಿಗೆಯ ವೇಗದಲ್ಲಿ ಹೋಗುವವನಿಗೆ ಅತಿ ಹೆಚ್ಚಿನ ಶಿಕ್ಷೆ ಎಂಬ ವಿಚಿತ್ರ ಸ್ಥಿತಿ ಇದು. ವೇಗ ಹೆಚ್ಚಿಸಿದರೆ ಗಾಡಿಯ ಮೈ ಸ್ವಲ್ಪ ಶಾಂತವಾಗುತ್ತದೆ. ಆಗ ಹೊಡೆತಗಳನ್ನೆಲ್ಲ ತಿನ್ನುವುದು ಟೈರು ಮತ್ತು ಗಾಲಿ.

ಟೈರುಗಳು ಆ ಕಾಲದಲ್ಲಿ ಗಾಡಿಯ ಅತಿ ದುರ್ಬಲ ಅಂಗ. ಇಟಾಲಾಕ್ಕೆ ಮಿಲಾನಿನ ಪಿರೆಲ್ಲಿ ಕಂಪನಿಯ ಟೈರುಗಳಿದ್ದವು. ಗಂಧಕದೊಡನೆ ಕಾಯಿಸಿ ಗಟ್ಟಿಮಾಡಿದ, ವಲ್ಕನೀಕರಿಸಿದ ರಬ್ಬರು ಚಾರ್ಲ್ಸ್ ಗುಡ್‌ಇಯರ್ ಕಾಲದಿಂದಲೂ ಬಳಕೆಯಲ್ಲಿದ್ದರೂ, ಇಂದು ಟೈರಿಗೆ ಕಪ್ಪು ಬಣ್ಣವನ್ನೂ ಬಾಳಿಕೆಯನ್ನೂ ಕೊಡುವ ಇಂಗಾಲದ ಕಾಡಿಗೆಯನ್ನು ಬೆರೆಸುವುದು ಇನ್ನೂ ರೂಢಿಗೆ ಬಂದಿರಲಿಲ್ಲ. ಆದ್ದರಿಂದ ಅಂದಿನ ಟೈರುಗಳು ಬಿಳಿಚು ಬೂದಿ ಬಣ್ಣದವು, ಬಹು ಬೇಗ ಸವೆಯುವಂಥವು. ರಬ್ಬರಿನ ಒಳಗಿದ್ದದ್ದು ಹಾಸು-ಹೊಕ್ಕಾಗಿ ನೇಯ್ದ ದಪ್ಪ ಬಟ್ಟೆ. ಗಾಲಿ ಉರುಳುವಾಗ ಟೈರು ನೆಲಕ್ಕೆ ಒತ್ತಿದಲ್ಲಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಪ್ರತಿ ಸುತ್ತಿಗೂ ಹಾಸಿನ ಎಳೆ ಹೊಕ್ಕಿನ ಎಳೆಯನ್ನು ಉಜ್ಜುತ್ತದೆ, ಉಜ್ಜಿ ಉಜ್ಜಿ ಕತ್ತರಿಸುತ್ತದೆ. ಹುಟ್ಟಿದ ಶಾಖಕ್ಕೆ ರಬ್ಬರು ಬಟ್ಟೆಯಿಂದ ಕಳಚಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಮಲಗಿಸಿದ ಎಳೆಗಳ ಪದರಗಳನ್ನು ರಬ್ಬರಿನಿಂದ ಬೇರ್ಪಡಿಸಿ ಕಟ್ಟಿದ ಟೈರುಗಳು ಸರ್ವತ್ರ ಬಳಕೆಗೆ ಬಂದ ಮೇಲೆಯೇ ಈ ಒಳಜಗಳ ನಿಂತದ್ದು.

ಕೆಸರಿನಲ್ಲಿ ಟೈರಿನ ಇನ್ನೊಂದು ಗುಣ ಮುಖ್ಯವಾಗುತ್ತದೆ. ಗಾಳಿ ತುಂಬಿದ ಟೈರು ನೆಲವನ್ನು ಒತ್ತುವ ಒತ್ತಡ ಸರಿಸುಮಾರು ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಎರಡು ಟನ್ ತೂಗುವ ಗಾಡಿಯ ಒಂದೊಂದು ಗಾಲಿಗೆ 500 ಕಿಲೋಗ್ರಾಂ ಭಾರ ಬಿದ್ದು, ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಇದ್ದರೆ, ಅಷ್ಟು ಭಾರವನ್ನು ಹೊರುವ ನೆಲ ಕೇವಲ 100 ಚದರ ಸೆಂಟಿಮೀಟರ್, ಒಂದು ಅಂಗೈಯಗಲಕ್ಕಿಂತ ಸ್ವಲ್ಪವೇ ಹೆಚ್ಚು. ಮಳೆಯಲ್ಲಿ ನೆನೆದ ಸೈಬೀರಿಯದ ಮಣ್ಣಿಗೆ ಆ ಒತ್ತಡವನ್ನು ತಾಳುವ ಶಕ್ತಿಯಿರಲಿಲ್ಲ. ಇಟಾಲಾದ ಗಾಲಿಗಳ ಮೇಲಿನ ಕೆಸರು ತಡೆಗಳನ್ನು ಉದ್ದನೆಯ ಹಲಗೆಗಳಿಂದಲೇ ಮಾಡಿ, ಬೇಕಾದಾಗ ಕಳಚಿ ಗಾಲಿಯಡಿಗೆ ಹಾಸುವಂತೆ ರೂಪಿಸಿದ್ದರ ಉದ್ದೇಶ ಅದೇ ಭಾರವನ್ನು ಹೆಚ್ಚು ನೆಲಕ್ಕೆ ಹಂಚುವುದು.

ಗಾಲಿಗಳು ಮರದವು. ಪೆರ್ಮ್ ನಗರದ ಸುಮಾರಿಗೆ ಇಟಾಲಾದ ಒಂದು ಹಿಂಗಾಲಿಯ ಅರಗಳು ಸಡಿಲಗೊಂಡಾಗ ಅದನ್ನು ನೀರಿನಲ್ಲಿ ನೆನೆಹಾಕಿದರು. ಇದು ಎತ್ತಿನ ಗಾಡಿ ಬಲ್ಲ ಯಾವ ರೈತನಿಗೂ ಹೊಸತಲ್ಲ. ಮರದ ಕೋಶಗಳ ಗೋಡೆಗಳು ನೀರು ಕುಡಿದು ನಾರಿನ ಅಡ್ಡಕ್ಕೆ ಉಬ್ಬುತ್ತವೆ, ಉದ್ದಕ್ಕೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಆದ್ದರಿಂದ ಅರಗಳ ತುದಿಗಳು ತಮ್ಮ ಕಂಡಿಗಳಲ್ಲಿ ಬಿಗಿಯಾಗುತ್ತವೆ. ಆದರೆ ಒಣಗಿದೊಡನೆ ಉಬ್ಬು ಇಳಿಯುತ್ತದೆ, ಮುರಿದ ಅರವನ್ನಂತೂ ನೀರು ಕೂಡಿಸಲಾರದು. ಮುಂದೆ ಗಾಲಿ ಪೂರ್ತಿ ಕೈಕೊಟ್ಟಾಗ ಹಳ್ಳಿಯ ಬಡಗಿಯೊಬ್ಬ ಬಹುಪಾಲು ಕೊಡಲಿಯಿಂದಲೇ ಕೆತ್ತಿ ಹೊಸದೊಂದನ್ನು ಕಟ್ಟಿಕೊಟ್ಟನು. ಆ ಮೋಟಾರು ಗಾಡಿಯ ಭಾಗಗಳಲ್ಲಿ ಅವನ ಕೈಗೆ ಅಪರಿಚಿತವಲ್ಲದ ಭಾಗವೆಂದರೆ ಇದೊಂದೇ ಇದ್ದಿರಬೇಕು. ಸ್ಪೈಕರಿನ ಮ್ಯಾಗ್ನೆಟೊ ಕೆಟ್ಟಾಗ ಗೊದಾರ್‌ಗೆ ಅಂಥ ನೆರವು ಹಳ್ಳಿಯಲ್ಲಿ ದೊರೆಯುವಂತಿರಲಿಲ್ಲ. ಕಾಂತಕ್ಷೇತ್ರದಲ್ಲಿ ತಂತಿಸುರುಳಿಯನ್ನು ತಿರುಗಿಸಿ, ಬ್ಯಾಟರಿಯ ಹಂಗಿಲ್ಲದೆ ಎಂಜಿನ್ನಿಗೆ ಬೇಕಾದ ಕಿಡಿಯನ್ನು ಹುಟ್ಟಿಸುವ ಪುಟ್ಟ ಜನಕವೇ ಮ್ಯಾಗ್ನೆಟೊ. ಬೆಂಗಳೂರಿನವರು ದಶಕಗಳ ಕಾಲ ಮೈಕೊ ಎಂದು ಕರೆದ ಕಾರ್ಖಾನೆಗೆ ತಂತ್ರಜ್ಞಾನ ಕೊಟ್ಟ ಜರ್ಮನಿಯ ಬಾಷ್ ಸಂಸ್ಥೆ ಲೋಕಕ್ಕೆ ಪರಿಚಿತವಾದದ್ದು ಇದೇ ಸಾಧನದಿಂದ. ಸುರುಳಿಯ ತಂತಿಗಳ ನಡುವಣ ನಿರೋಧಕ ಹೊದಿಕೆ ಸೀಳಿತೆಂದರೆ ಕೊಡಲಿ, ಸುತ್ತಿಗೆಗಳಿಂದ ಆಗುವ ಕೆಲಸ ಅದಲ್ಲ. ದುರಸ್ತಿಗಾಗಿ ಗೊದಾರ್ ರೈಲಿನಲ್ಲಿ ತೋಮ್ಸ್ಕ್ ನಗರದವರೆಗೆ ಹೋಗಬೇಕಾಯಿತು.

ಬೊರ್ಗೇಸೆ ಆಗಸ್ಟ್ 10ರಂದು ಪ್ಯಾರಿಸ್ ತಲುಪಿದನು. ನಡುವೆ ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಔತಣಕ್ಕೆಂದು ಸುತ್ತು ಹಾಕಿ ಬರುವಷ್ಟು ಮುನ್ನಡೆ ಅವನಿಗಿತ್ತು. ಎರಡು ತಿಂಗಳ ಈ ಪಯಣದ ಸರಾಸರಿ ದಿನಕ್ಕೆ ಸುಮಾರು 250 ಕಿಲೋಮೀಟರ್. ಇದನ್ನು ದೊಡ್ಡ ಎಂಜಿನ್ನಿನ ವಿಜಯವೆಂದು ಅಂದು ಬಣ್ಣಿಸಲಾಯಿತು. ಆ ತೀರ್ಮಾನ ಪೂರ್ತಿ ಒಪ್ಪತಕ್ಕದ್ದಲ್ಲ. ಇಟಾಲಾದ ಕಾಲು ಭಾಗದಷ್ಟು ಶಕ್ತಿಯ ಎರಡೂ ಡಿ ಡಿಯಾನ್ ಗಾಡಿಗಳು ಮತ್ತು ಸ್ಪೈಕರ್ ಆಗಸ್ಟ್ 30ರಂದು ಪ್ಯಾರಿಸ್ಸಿಗೆ ಬಂದವು. ಹೊರಟ ಐದರಲ್ಲಿ ನಾಲ್ಕು ಗಾಡಿಗಳು ಗುರಿ ಮುಟ್ಟಿದುವೆಂದರೆ ಎಂಜಿನ್ನಿನ ಗಾತ್ರ ನಿರ್ಧರಿಸಿದ್ದು ಎಷ್ಟು ದಿನಗಳಲ್ಲಿ ಎಂಬುದನ್ನು ಮಾತ್ರ. ತಲುಪುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಿದವು ಮುಂದೆ ಕಳಿಸಿದ ಇಂಧನ, ಅಪ್ಪಣೆ ತರಿಸಿಕೊಡುವ ತಂತಿ, ಮೇಲೆತ್ತುವ ಆಳುಗಳು. ಇವೆಲ್ಲವನ್ನೂ ಬೊರ್ಗೇಸೆ ಹಣದಿಂದ, ಪ್ರಭಾವದಿಂದ ಕೂಡಿಸಿಕೊಂಡಿದ್ದನು.

ಮರುವರ್ಷ, 1908ರ ಫೆಬ್ರುವರಿ 12ರಂದು, ಇನ್ನೂ ದೊಡ್ಡ ಸಾಹಸವಾಗಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಪಂದ್ಯ ಆರಂಭವಾಯಿತು. ಆರು ಗಾಡಿಗಳು ಹಿಮದಲ್ಲಿ ಅಮೆರಿಕವನ್ನು ದಾಟಲು ಹೊರಟವು. ಪೆಸಿಫಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ಮತ್ತೆ ಸೈಬೀರಿಯದ ಕೆಸರಿಗೆ ಇಳಿದವು ಅವುಗಳಲ್ಲಿ ಕೆಲವೇ. ಜರ್ಮನಿಯ ಪ್ರೋಟೋಸ್ ಜುಲೈ 26ರಂದು ಪ್ಯಾರಿಸ್ಸಿಗೆ ಮೊದಲು ಬಂದರೂ, ಅಮೆರಿಕದಲ್ಲಿ ಒಂದಷ್ಟು ದೂರ ರೈಲಿನ ಮೇಲೆ ಬಂದದ್ದೂ ಸೇರಿದಂತೆ ಹಾಕಿದ ದಂಡದಿಂದ ಹಿಂದೆ ಬಿದ್ದು, ನಾಲ್ಕು ದಿನ ತಡವಾಗಿ ಬಂದ ಅಮೆರಿಕದ ಥಾಮಸ್ ಫ್ಲೈಯರ್ ಗೆದ್ದಿತೆಂದು ಸಾರಲಾಯಿತು. ಈ ಗಾಡಿಯೂ ರಸ್ತೆಯಿಲ್ಲದಲ್ಲಿ ರೈಲು ಹಳಿಯ ದಿಮ್ಮಿಗಳ ಮೇಲೆ ಕುಪ್ಪಳಿಸಿಕೊಂಡೇ ಬಂದಿತ್ತು.

ಎಂಜಿನ್ನು, ಟೈರು, ಕಿಡಿ, ತಂಪು ಇವೆಲ್ಲವೂ ಮುಂದಿನ ಎರಡು ದಶಕಗಳಲ್ಲಿ ಸುಧಾರಿಸಿದ ವೇಗಕ್ಕೆ ರಸ್ತೆ ಎಲ್ಲೆಡೆ ಸರಿಗಟ್ಟಲಿಲ್ಲ. 1919ರಲ್ಲಿ ಅಮೆರಿಕದ ಸೇನೆ ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಕಳಿಸಿದ ಮೋಟಾರು ದಂಡಿಗೆ ಸ್ವದೇಶದ ನೆಲದಲ್ಲಿಯೇ ಎರಡು ತಿಂಗಳು ಹಿಡಿಯಿತು. ಸೈಬೀರಿಯವನ್ನು ಪೆಸಿಫಿಕ್ ತೀರದ ಕಡೆಗೆ ಜೋಡಿಸುವ ಚಿತಾ–ಖಬರೋವ್ಸ್ಕ್ ಹೆದ್ದಾರಿಗೆ ಪೂರ್ತಿಯಾಗಿ ಡಾಂಬರು ಬಿದ್ದದ್ದು 2010ರಲ್ಲಿ.